ಕೊಟ್ಟಿಗೆಗೆ ಬೆಂಕಿ ಹಚ್ಚುವ ಹಾಡು

ಮೂವತ್ತು ವರ್ಷ ಒಂದೇ ಹಾಡು ಹಾಡಿದರೆ ಮನುಷ್ಯ ಏನಾಗುತ್ತಾನೆ? ದ್ವಾರಕಾನಾಥನಾಗುತ್ತಾನೆ, ಇನ್ನೇನು! ಮೈಸೂರಿನಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಅಮೆರಿಕಕ್ಕೆ ಹೋಗಿ, ಅಲ್ಲಿ ‘ಐರನ್ ಪೋರ್ಚ್’ ಎಂಬ ಹಾರ್ಡ್ ರಾಕ್ ಬ್ಯಾಂಡಿನ ಗಾಯಕನಾದ ಪುಣ್ಯಾತ್ಮ. ಬ್ಯಾಂಡು ಆಲ್ಬಮ್ ಮೇಲೆ ಆಲ್ಬಮ್ ಮಾಡಿತು. ಜನ ನೆನಪಿಟ್ಟುಕೊಂಡದ್ದು ಮಾತ್ರ ಕೊಟ್ಟಿಗೆಗೆ ಬೆಂಕಿ ಹಚ್ಚುವ ಆ ಒಂದು ಹಾಡನ್ನು. ಅದನ್ನು ಬರೆದವನೂ ಇವನಲ್ಲ. ಬರೆದ ಡ್ರಮ್ಮರ್ ಜಗಳವಾಡಿ ಬ್ಯಾಂಡು ಬಿಟ್ಟ, ಬದುಕಿಕೊಂಡ. ಇವನಿಗೆ ಅದು ಬಾಯಲ್ಲಿನ ಬಿಸಿತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಈಗ ನೈರೋಬಿಯ ಸರದಿ. ಸಂಜೆ ಅಲ್ಲಿನ ಕಸರಾನಿ ಸ್ಟೇಡಿಯಮ್ಮಿನಲ್ಲಿ ಶೋ. ಅಷ್ಟರೊಳಗೆ ಮ್ಯಾನೇಜರ್ ರಿಕ್‌ಗೆ ಉತ್ತರ ಹೇಳಬೇಕಿತ್ತು: ಇನ್ನೈದು ವರ್ಷ ಬ್ಯಾಂಡಿನಲ್ಲಿ ಇರುತ್ತೀಯೋ, ಇಲ್ಲವೋ? ಬಿಡಬೇಕೆಂಬ ಆಸೆ ದ್ವಾರಕಾನಾಥನಿಗೆ ಬೆಟ್ಟದಷ್ಟಿತ್ತು. ತಾನೇ ಬರೆದ ಒಂದು ಹಾಡೂ ಇತ್ತು, ಮೆತ್ತಗಿನದು. ಆದರೆ ಅದನ್ನು ಯಾರ ಮುಂದೆಯೂ ಹಾಡಲು ಧೈರ್ಯ ಬಂದಿರಲಿಲ್ಲ.

ಮಧ್ಯಾಹ್ನ ಅದೇ ಊರಿನ ಲಂಗಾಟಾ ಬಡಾವಣೆಯಲ್ಲಿರುವ ಚಿಕ್ಕಪ್ಪನ ಮಗಳು ಶಾಂತಕ್ಕನ ಮನೆಗೆ ಊಟಕ್ಕೆ ಹೋದ. ಅಲ್ಲಾದರೂ ಯಾರೂ ಹಾಡು ಎನ್ನಲಾರರು ಎಂದುಕೊಂಡಿದ್ದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತ! ಅಕ್ಕ ಹಾಲ್ ತುಂಬ ಕನ್ನಡದವರನ್ನು ಕೂರಿಸಿದ್ದಳು.

ಊಟ ಮುಗಿದದ್ದೇ ತಡ, ಶುರು ಮಾಡಿದಳು. “ಏ ದ್ವಾರಕಿ, ಒಂದ್ ಹಾಡು ಹೇಳೋ. ಎಲ್ರೂ ನಿನ್ನ ನೋಡಕ್ಕೇ ಬಂದಿರೋದು.”

“ಅಕ್ಕಾ, ಸಂಜೆ ಶೋ ಇದೆ. ಗಂಟಲು...”

“ಗಂಟಲಿಗೇನಾಗಿದೆ ನಿಂಗೆ? ಜಾಮೂನ್ ಇಳೀವಾಗ ಸರಿಯಾಗೇ ಇತ್ತಲ್ಲ!”

ಹಾಲ್ ಗೊಳ್ಳೆಂದಿತು. ಅಕ್ಕನ ಮಗಳು ಅನಘಾ ತನ್ನ ಗಿಟಾರ್ ತಂದು, “ಪ್ಲೀಸ್ ಮಾಮಾ!” ಎಂದು ಕೈಗಿಟ್ಟಳು. ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಆಗ ಅವನಿಗೊಂದು ಹುಚ್ಚು ಧೈರ್ಯ ಬಂತು. ತನ್ನ ಹಾಡನ್ನೇ ಹಾಡಿಬಿಡೋಣ. ಅಕ್ಕನ ಮನಸ್ಸಿಗೆ ಹಿಡಿಸಿದರೆ ರಿಕ್‌ಗೆ ಈಗಲೇ ‘ಆಗಲ್ಲ’ ಎಂದುಬಿಡುತ್ತೇನೆ, ಆದದ್ದಾಗಲಿ. ಕಣ್ಣು ಮುಚ್ಚಿ ಹಾಡಿದ. ವಿಚ್ಛೇದನವಾದ ಮೇಲೆ ಡೆಟ್ರಾಯಿಟ್‌ನ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಇಬ್ಬರಿಗೆ ಕಾಫಿ ಬೆರೆಸಿದ ಗಂಡಸಿನ ಹಾಡು ಅದು. ಅರಚುವುದಿಲ್ಲ, ಕುಣಿಯುವುದಿಲ್ಲ. ಹಾಡುತ್ತ ಹಾಡುತ್ತ ಅವನ ಎದೆ ಹಗುರಾಯಿತು.

ಕಣ್ಣು ತೆರೆದರೆ ಶಾಂತಕ್ಕ ಅಳುತ್ತಿದ್ದಳು! ಸೆರಗಿನಿಂದ ಕಣ್ಣೊರೆಸಿದಷ್ಟೂ ನೀರು ಬರುತ್ತಿತ್ತು. ಗೆದ್ದೆ, ಎಂದುಕೊಂಡ ದ್ವಾರಕಾನಾಥ. ಬಿಡುಗಡೆ ಆಯ್ತಪ್ಪಾ! ರಿಕ್‌ಗೆ ಹೇಳಲು ಜೇಬಿನಿಂದ ಫೋನನ್ನೂ ತೆಗೆದ.

“ಅಳು ತಡ್ಯಕ್ಕೇ ಆಗ್ಲಿಲ್ಲ ಕಣೋ,” ಎಂದಳು ಅಕ್ಕ ಮೂಗು ಒರೆಸುತ್ತ. “ಯಾರದ್ದೋ ಇದು? ಪುಣ್ಯಾತ್ಮ ಎಷ್ಟು ಚೆನ್ನಾಗಿ ಬರ್ದಿದಾನೆ! ಸರಿ, ಈಗ ನಿನ್ ಹಾಡು ಹೇಳು. ಆ ಕೊಟ್ಟಿಗೇದು.”

ಹಾಲ್ ಪೂರ್ತಿ ಚಪ್ಪಾಳೆ ತಟ್ಟಿತು. ‘ನಂದೇ ಅಕ್ಕಾ ಅದು’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅನಘಾ ಕೊಟ್ಟಿಗೆಯ ಹಾಡಿನ ಮೊದಲ ಸಾಲು ಎತ್ತಿಯೇಬಿಟ್ಟಳು. ತೆರೆದ ಬಾಯಿ ತಾನೇ ಎರಡನೇ ಸಾಲು ಹಾಡಿತು. ಎಲ್ಲರೂ ದನಿ ಸೇರಿಸಿದರು. ಅಕ್ಕನಂತೂ ಎದ್ದು ನಿಂತು ತಾಳ ಹಾಕಿದಳು.

ಕಾರು ಹತ್ತಿದ ಮೇಲೆ ರಿಕ್‌ಗೆ ಫೋನ್ ಮಾಡಿದ.

“ಏನು ಮಾಡ್ತೀಯ? ಐದು ವರ್ಷಕ್ಕೆ ಒಪ್ಪಿಗೆ ತಾನೆ?” ಎಂದ ರಿಕ್.

“ಐದು ಯಾಕೆ?” ಎಂದ ದ್ವಾರಕಾನಾಥ. “ಹತ್ತು ಬರೆದುಕೋ.”