ಹಿಂದೆ ಬರುವವಳು

ಮಲ್ಲಿಕಾರ್ಜುನಸ್ವಾಮಿ ಜಗಲಿ ಹತ್ತಿ ಬಾಗಿಲ ಮುಂದೆ ನಿಂತವನು ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿ, "ಬೀಗದ ಕೈ ಕೊಡು" ಅಂದ. ಕೈಗೆ ಏನೂ ಬೀಳಲಿಲ್ಲ. "ಕೊಡು ಅಂದ್ರೆ, ಬೆವ್ರು ಆರೋದ್ರೊಳಗೆ ನೀರು ಕುಡೀಬೇಕು" ಎಂದು ಇನ್ನೊಮ್ಮೆ ಅಂದು ತಿರುಗಿದ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಬೀದಿಯಲ್ಲೂ ಇರಲಿಲ್ಲ. ಮಂಜು ಇನ್ನೂ ಹರಿದಿರಲಿಲ್ಲ, ಎದುರು ಮನೆಯ ನಾಯಿ ಬೂದಿಗುಡ್ಡೆಯಲ್ಲಿ ಮುದುಡಿ ಮಲಗಿತ್ತು.

ಕೆರೆ ಏರಿಯಿಂದ ಇಲ್ಲಿಯವರೆಗೂ ಅವನು ಹೆಂಡತಿಯೊಡನೆ ಮಾತಾಡಿಕೊಂಡೇ ಬಂದಿದ್ದ. ಉಸಿರಾಟದ ಲೆಕ್ಕ ಮುಗಿಸಿ, ಅರಿಶಿನ ಕೀಳುವ ಆಳುಗಳ ವಿಷಯ ಹೇಳಿ, ಉಪ್ಪಿಲ್ಲದ ಉಪ್ಪಿಟ್ಟು ನಿನ್ನೆ ಪರವಾಗಿರಲಿಲ್ಲ ಎಂದು ಹೊಗಳಿಯೂ ಆಗಿತ್ತು. ಅಷ್ಟನ್ನೂ ಗಾಳಿಗೆ ಹೇಳಿದೆನೇ ಅನ್ನಿಸಿ ಅವನ ಎದೆ ಧಸಕ್ಕೆಂದಿತು.

ಎದೆ ಧಸಕ್ಕೆನ್ನುವುದು ಅವನಿಗೆ ಹೊಸದೇನಲ್ಲ. ಮೊದಲೇ ಹಗ್ಗ ಕಂಡರೆ ಹಾವು ಅನ್ನುವ ಆಸಾಮಿ. ಕಳೆದ ಶಿವರಾತ್ರಿಯ ಹೊತ್ತಿಗೆ ಚಾಮರಾಜನಗರದ ಆಫೀಸಿನಲ್ಲಿ ಪಕ್ಕದ ಮೇಜಿನ ಚಿಕ್ಕಮಲ್ಲಪ್ಪ ಟೀ ಲೋಟ ಎತ್ತಿದವನು ಹಾಗೇ ಫೈಲಿನ ಮೇಲೆ ಮುಖ ಊರಿ ಹೋಗಿಬಿಟ್ಟಿದ್ದ. ಅಂದಿನಿಂದ ಸ್ವಾಮಿಗೆ ನಿದ್ದೆ ಇಲ್ಲ, ಕೂತಲ್ಲಿ ನಿಂತಲ್ಲಿ ನಾಡಿ ಹಿಡಿದು ನೋಡಿಕೊಳ್ಳುವುದೇ ಕೆಲಸ. ಆಮೇಲೆ ಆಫೀಸಿಗೆ ಒಬ್ಬ ಮಾತುಗಾರ ಬಂದು ಟೆನ್ಶನ್ ಕಳೆಯುವ ದಾರಿ ಹೇಳಿಹೋದ. ಬೆಳಿಗ್ಗೆ ನಡೆಯಿರಿ, ಉಸಿರು ಎಣಿಸಿ, ಒಳ್ಳೆಯದನ್ನೇ ಆಡಿ, ಒಳ್ಳೆಯದನ್ನೇ ಕೇಳಿ. ಬೇರೆಯವರು ಅದನ್ನು ಅಲ್ಲೇ ಕೊಡವಿ ಎದ್ದರು. ಸ್ವಾಮಿ ಮಾತ್ರ ಮಾದಪ್ಪನ ಹರಕೆ ಹೊತ್ತಂತೆ ಹೊತ್ತುಕೊಂಡು ಬಂದ. ಟಿವಿಯ ವಾರ್ತೆ ನಿಂತಿತು. ತಿಂಡಿ ಆಗುವವರೆಗೆ ಮನೆಯಲ್ಲಿ ಸಾವು, ಕಾಯಿಲೆ, ಜಗಳದ ಮಾತು ಆಡುವ ಹಾಗಿಲ್ಲ. ಒಮ್ಮೆ ಯಾರೋ ಸಾವಿನ ಸುದ್ದಿ ತಂದರೆ, ಪಾಪ, ಅವನನ್ನು ಹಿತ್ತಲಲ್ಲಿ ಕೂರಿಸಿ, ಇವನ ತಿಂಡಿ ಮುಗಿದ ಮೇಲೆ ಒಳಗೆ ಕರೆದಿದ್ದರು.

ಒಬ್ಬನೇ ನಡೆಯಲು ಭಯ. ನಡುದಾರಿಯಲ್ಲಿ ತನಗೇನಾದರೂ ಆದರೆ ಹಿಡಿಯುವವರು ಬೇಡವೇ? ಅದಕ್ಕೇ ಚಂದ್ರಮತಿ ಜೊತೆಗೆ. ಜೊತೆಗೆ ಅಂದರೆ ಹಿಂದೆ. ಹರದನಹಳ್ಳಿಗೆ ಸೊಸೆಯಾಗಿ ಬಂದ ದಿನದಿಂದ ಅವಳು ಗಂಡನ ಪಕ್ಕದಲ್ಲಿ ನಡೆದವಳಲ್ಲ, ಅವನ ಹೆಸರು ಹಿಡಿದು ಕರೆದವಳೂ ಅಲ್ಲ. ನಾಲ್ಕು ಮಾರು ಹಿಂದೆ ಅವಳ ಚಪ್ಪಲಿಯ ಸದ್ದು ಕೇಳುತ್ತಿದ್ದರೆ ಅವನಿಗೆ ಧೈರ್ಯ.

ಆ ಸದ್ದು ಎಲ್ಲಿ ನಿಂತಿತು? ಎಷ್ಟು ಕೆದಕಿದರೂ ನೆನಪಾಗಲಿಲ್ಲ.

ಅವನು ಬಂದ ದಾರಿಯಲ್ಲೇ ವಾಪಸು ಹೊರಟ. ಮೊದಲು ತಲೆಗೆ ಬಂದದ್ದು ಚಿರತೆ. ಕರಿಕಲ್ಲು ಕ್ವಾರಿಯ ಕಡೆ ಚಿರತೆ ಕುರಿ ಹೊತ್ತೊಯ್ದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಅವನ ಮನೆಯಲ್ಲಿ ಮಾತ್ರ ಅದನ್ನು ಯಾರೂ ಆಡಿರಲಿಲ್ಲ. ಅರಿಶಿನದ ಒಣಗಿದ ಎಲೆ ಸರಬರ ಅಂದಾಗೆಲ್ಲ ಕಾಲು ಕಟ್ಟಿದಂತಾಗುತ್ತಿತ್ತು. ಉಸಿರು ಎಣಿಸಲು ನೋಡಿದ, ಲೆಕ್ಕ ತಪ್ಪಿತು. "ಚಂದ್ರಾ" ಎಂದು ಕೂಗಿದ. ಮಂಜಿನೊಳಗಿಂದ ಉತ್ತರ ಬರಲಿಲ್ಲ. ಆಗ ಮಲ್ಲಿಕಾರ್ಜುನಸ್ವಾಮಿ ಓಡತೊಡಗಿದ. ತನ್ನ ಎದೆಗೆ ಓಟ ಆಗದು ಅನ್ನುವುದು ನೆನಪಿಗೇ ಬರಲಿಲ್ಲ.

ಡೇರಿಗೆ ಹಾಲು ಹಾಕಿ ಬರುತ್ತಿದ್ದ ಬಸವಣ್ಣ ಬೈಕು ನಿಲ್ಲಿಸಿದ. "ಏನ್ ಸ್ವಾಮಣ್ಣ, ಓಡ್ತಿದ್ದರಿಯಲ್ಲ?"

"ಚಂದ್ರಾನ ಕಂಡ್ಯಾ?"

"ಅಕ್ಕ ನಿಮ್ ಹಿಂದೇನೆ ಅಲ್ವಾ ಇರದು?"

ಸ್ವಾಮಿ ಬೈಕಿನ ಹಿಂದೆ ಹತ್ತಿ ಕೂತು ಏರಿಯ ಕಡೆ ಕೈ ತೋರಿಸಿದ.

ಏರಿಯ ತಿರುವಿನ ಮೋರಿಕಟ್ಟೆಯ ಮೇಲೆ ಚಂದ್ರಮತಿ ಕೂತಿದ್ದಳು. ಸೆರಗು ಒದ್ದೆಯಾಗಿತ್ತು, ಆ ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಬಲಗೈ ಎಡತೋಳನ್ನು ಒತ್ತಿ ಹಿಡಿದಿತ್ತು.

"ಕರೀಬಾರ್ದಿತ್ತಾ ಚಂದ್ರಾ?"

"ಕರ್ದೆ." ಅವಳು ಉಸಿರು ಎಳೆದುಕೊಂಡಳು. "ನೀವು ಉಸ್ರು ಎಣುಸ್ತಿದ್ರಿ. ಲೆಕ್ಕ ತಪ್ಪೋಯ್ತದ ಅಂತ ಸುಮ್ಕಾದೆ."

ಬಸವಣ್ಣ ಫೋನು ಹಚ್ಚಿ ಊರಿನಿಂದ ಆಟೊ ಕರೆಸಿದ. ಚಾಮರಾಜನಗರ ಹತ್ತಿರವೇ, ಆದರೆ ಅಂದು ಆ ರಸ್ತೆ ಮುಗಿಯಲೊಲ್ಲದು. ಹೋದ ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು, "ಯಾಕೋ ಎಡಗೈ ಸೆಳೀತದ ಕಣ್ರಿ" ಅಂದಿದ್ದಳು. "ಬೆಳಬೆಳಗ್ಗೇನೆ ಅದೇ ಮಾತಾ?" ಎಂದು ತಾನು ಗದರಿದ್ದು ಅವನಿಗೆ ನೆನಪಾಯಿತು. ಆಟೊ ಗುಂಡಿಗೆ ಬಿದ್ದಾಗೆಲ್ಲ ಅವಳು ತುಟಿ ಕಚ್ಚುತ್ತಿದ್ದಳು. ಶಿವನೇ, ಇವಳನ್ನು ಉಳಿಸಿಕೊಡು ಎಂದು ಅವನು ಒಳಗೊಳಗೇ ಅಳುತ್ತಿದ್ದ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಇಂಜೆಕ್ಷನ್ ಕೊಟ್ಟರು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. "ಹಾರ್ಟ್ ಅಟ್ಯಾಕೇ. ಮೈಸೂರಿಗೆ ಕಳಿಸ್ತೀವಿ, ತಡ ಮಾಡೋ ಹಾಗಿಲ್ಲ" ಅಂದು ಚಂದ್ರಮತಿಯ ಕಡೆ ಬಾಗಿದಳು. "ಯಾವಾಗಿಂದ ಇತ್ತಮ್ಮ ನೋವು?"

"ಇವತ್ತೇ ಬೆಳಗ್ಗೆ" ಅಂದ ಸ್ವಾಮಿ.

ಚಂದ್ರಮತಿ ಗಂಡನ ಮುಖ ನೋಡಿದಳು.

"ಹೇಳು ಚಂದ್ರಾ. ಇದ್ದದ್ನೆಲ್ಲಾ ಹೇಳ್ಬುಡು."

"ಗೌರಿ ಹಬ್ಬದಿಂದ ಕಣವ್ವ" ಎಂದಳು ಅವಳು. ಏರಿ ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿದ್ದದ್ದು, ನೀರು ಸೇದುವಾಗ ಕಣ್ಣು ಕತ್ತಲೆ ಬರುತ್ತಿದ್ದದ್ದು, ರಾತ್ರಿ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದ್ದು, ಒಂದೊಂದನ್ನೇ ಸಂತೆಯ ತರಕಾರಿ ಬೆಲೆ ಹೇಳುವಂತೆ ಮೆಲ್ಲಗೆ ಹೇಳಿದಳು. ಅದೇ ಮನೆಯಲ್ಲಿ, ಅದೇ ಕೋಣೆಯಲ್ಲಿ ಮಲಗುತ್ತಿದ್ದ ಸ್ವಾಮಿಗೆ ಅದರಲ್ಲಿ ಒಂದೂ ಗೊತ್ತಿರಲಿಲ್ಲ. ಅವನು ಮಂಚದ ಕಂಬಿ ಹಿಡಿದು ನಿಂತ.

ಆಂಬುಲೆನ್ಸು ಬಾಗಿಲಿಗೆ ಬಂದು ನಿಂತಾಗ ನರ್ಸು, "ಮೈ ಮೇಲಿರೋ ಒಡವೆಯೆಲ್ಲ ಬಿಚ್ಚಿ ಯಜಮಾನ್ರ ಕೈಗೆ ಕೊಡೀಮ್ಮ. ಅಲ್ಲಿ ಹೋದ ತಕ್ಷಣ ಒಳಕ್ಕೆ ತಗೋತಾರೆ" ಅಂದಳು. ಚಂದ್ರಮತಿ ಬಳೆ ಕೊಟ್ಟಳು, ಓಲೆ ಕೊಟ್ಟಳು. ಕಾಲುಂಗುರವನ್ನು ನರ್ಸೇ ಸೋಪು ಹಚ್ಚಿ ತೆಗೆದಳು. ತಾಳಿಯ ಸರಕ್ಕೆ ಕೈಹಾಕಿದಾಗ ಮಾತ್ರ ಚಂದ್ರಮತಿ ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ಇದೊಂದ ಬುಡು ತಾಯಿ."

"ಬಿಡೋಕಾಗಲ್ಲಮ್ಮ."

"ನಾನು ಬಿಚ್ಚಿ, ಅವ್ರಿಗೇನಾರ ಆಗ್ಬುಟ್ರೆ? ಅವ್ರ ಎದೆ ಮೊದ್ಲೇ ಸರಿಯಿಲ್ಲ."

ನರ್ಸು ಏನು ಮಾಡುವುದೆಂದು ತೋಚದೆ ಸ್ವಾಮಿಯ ಕಡೆ ನೋಡಿದಳು. ಅವನ ಎದೆ ಗಟ್ಟಿಮುಟ್ಟಾಗಿ ಬಡಿದುಕೊಳ್ಳುತ್ತಿತ್ತು. ಇಷ್ಟು ದೂರ ಓಡಿಯೂ ಅದಕ್ಕೆ ಏನೂ ಆಗಿರಲಿಲ್ಲ.

"ನಂಗೇನೂ ಆಗಿಲ್ಲ ಕಣೆ. ಯಾವತ್ತೂ ಏನೂ ಆಗಿರ್ನಿಲ್ಲ" ಅಂದ.

ಅವಳು ಕೈ ತೆಗೆಯಲಿಲ್ಲ. ಅವನು ಬಾಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೊರಳ ಹಿಂದೆ ಕೊಂಡಿಗಾಗಿ ತಡಕಾಡಿದ. ಅದು ಹೇಗೆ ಬಿಚ್ಚಿಕೊಳ್ಳುತ್ತದೆ ಎಂಬುದು ಅವನಿಗೆ ತಿಳಿಯದು. ಕಡೆಗೆ ಬಿಚ್ಚಿತು. ಬೆವರಿನಿಂದ ಒದ್ದೆಯಾಗಿದ್ದ ಸರ ಅವನ ಅಂಗೈಯಲ್ಲಿ ಇನ್ನೂ ಬಿಸಿಯಾಗಿತ್ತು.

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಅವಳು ಕಣ್ಣು ಮುಚ್ಚಿದ್ದಳು. ಸ್ವಾಮಿ ಒಳಗೆ ಅವಳ ಪಕ್ಕದಲ್ಲಿ ಮುಷ್ಟಿ ಬಿಗಿಹಿಡಿದು, ಅವಳ ಬರಿಗೊರಳಿನ ಸುತ್ತ ಉಳಿದಿದ್ದ ತೆಳ್ಳನೆಯ ಬಿಳಿ ಗೆರೆಯನ್ನೇ ನೋಡುತ್ತಾ ಕೂತ.