ಗೆರೆ ದಾಟಿದ ಪೊರಕೆ

ಕೆಂಡ್ರಿಕ್ ಊರಿನ ದೊಡ್ಡ ಬೀದಿಗೆ ಗೆರೆಬೀದಿ ಅಂತಲೇ ಹೆಸರು. ಬೀದಿಯ ನಟ್ಟನಡುವೆ ಸಾಲಾಗಿ ಹಿತ್ತಾಳೆಯ ಗುಬಟುಗಳನ್ನು ಹುಗಿದಿದ್ದಾರೆ. ಆ ಸಾಲಿನ ದಕ್ಷಿಣಕ್ಕೆ ಟೆನೆಸ್ಸಿ ರಾಜ್ಯ, ಉತ್ತರಕ್ಕೆ ವರ್ಜೀನಿಯ. ಊರವರಿಗೆ ಅದು ಲೆಕ್ಕಕ್ಕೇ ಇಲ್ಲ. ವರ್ಜೀನಿಯದಲ್ಲಿ ಗಡ್ಡ ಹೆರೆಸಿಕೊಂಡು ಟೆನೆಸ್ಸಿಯಲ್ಲಿ ಕಾಫಿ ಕುಡಿಯುವವರು, ಮಳೆ ಬಂದರೆ ಯಾವ ರಾಜ್ಯದ ಸೂರು ಹತ್ತಿರವೋ ಅಲ್ಲಿಗೆ ಓಡುವವರು. ಆ ಗುಬಟುಗಳ ಮೇಲೆ ಭಕ್ತಿ ಇಟ್ಟುಕೊಂಡವರು ಇಡೀ ಊರಿಗೆ ಒಬ್ಬರೇ, ಟೆನೆಸ್ಸಿ ಬದಿಯ ಪೊರಕೆ ಕಾರ್ಖಾನೆಯ ಯಜಮಾನ ಟಿಪ್ಟನ್ ಸಾಹೇಬರು.

ಭಕ್ತಿಗೆ ಕಾರಣವಿತ್ತು. ಸಾವಿರದ ಒಂಬೈನೂರ ಮೂವತ್ತೆಂಟರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಹೊಸ ಕಾನೂನು ಜಾರಿಗೆ ತಂದಿತು. ವಾರಕ್ಕೆ ನಲವತ್ತನಾಲ್ಕು ಗಂಟೆಗಿಂತ ಹೆಚ್ಚು ದುಡಿಸಿಕೊಂಡರೆ ಮಿಕ್ಕ ಹೊತ್ತಿಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆದರೆ ಸಂವಿಧಾನ ಕೇಂದ್ರದ ಕೈಗೆ ಕೊಟ್ಟಿರುವುದು ರಾಜ್ಯ ರಾಜ್ಯಗಳ ನಡುವಿನ ವ್ಯವಹಾರ ಮಾತ್ರ. ಒಂದೇ ರಾಜ್ಯದಲ್ಲಿ ಹುಟ್ಟಿ ಅಲ್ಲೇ ಸವೆದುಹೋಗುವ ಸರಕಿನ ತಂಟೆಗೆ ಅದು ಬರುವಂತಿಲ್ಲ. ಟಿಪ್ಟನ್ ಸಾಹೇಬರು ಇದನ್ನು ಅರೆದು ಕುಡಿದಿದ್ದರು. ಕಾನೂನು ಬಂದ ವಾರವೇ ಆಚೆ ಬದಿಯ ಅಂಗಡಿಗಳಿಗೆ ಪೊರಕೆ ಕೊಡುವುದನ್ನು ನಿಲ್ಲಿಸಿದರು. ಒಂದೊಂದು ಪೊರಕೆಯ ಹಿಡಿಗೂ ‘ಟೆನೆಸ್ಸಿಯಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಚೀಟಿ ಅಂಟಿಸಿದರು.

“ನೋಡ್ರಮ್ಮಾ, ವಾಷಿಂಗ್ಟನ್ನಿನವರ ಆಟ ಆ ಗೆರೆ ಆಚೆಗೆ. ಗೆರೆ ಅಂದ್ರೆ ಗೆರೆ! ಒಂದು ಕಡ್ಡೀನೂ ದಾಟಲ್ಲ, ಒಂದು ಕಾನೂನೂ ಒಳಗೆ ಬರಲ್ಲ,” ಅಂತ ಕೆಲಸದವರ ಮುಂದೆ ಭಾಷಣವನ್ನೂ ಬಿಗಿದರು. ಮನುಷ್ಯ ಕೆಟ್ಟವರಲ್ಲ, ಸುಳ್ಳು ಹೇಳುವವರಂತೂ ಅಲ್ಲವೇ ಅಲ್ಲ. ಆದರೆ ಹಿಡಿದದ್ದೇ ಹಟ.

ಈ ಹಟಕ್ಕೆ ಸಿಕ್ಕಿ ಒದ್ದಾಡುತ್ತಿದ್ದವಳು ಪೊರಕೆ ಹೊಲಿಯುವ ಕ್ಲೆಮಿ. ಅವಳ ಗಂಡ ಹಾರ್ಮನ್ ಶ್ವಾಸಕೋಶದ ಕಾಯಿಲೆಯಿಂದ ಸೆಪ್ಟೆಂಬರಿನಲ್ಲಿ ಗುಡ್ಡದ ಮೇಲಿನ ಆರೋಗ್ಯಧಾಮ ಸೇರಿದ್ದ. ಅಲ್ಲಿ ರೋಗಿಗಳನ್ನು ನೋಡಲು ಬಿಡುವುದು ಶನಿವಾರ ಎರಡರಿಂದ ನಾಲ್ಕರವರೆಗೆ ಮಾತ್ರ. ಕಾರ್ಖಾನೆ ಬಾಗಿಲು ಹಾಕುವುದು ಶನಿವಾರವೂ ಸಂಜೆ ಆರಕ್ಕೆ. ಒಂದು ಶನಿವಾರ ತಪ್ಪಿಸಿಕೊಂಡರೆ ಸೋಮವಾರ ಬರುವುದೇ ಬೇಡ. ಏಳು ತಿಂಗಳಲ್ಲಿ ಅವಳು ಗಂಡನನ್ನು ನೋಡಿದ್ದು ಎರಡೇ ಸಲ: ಕ್ರಿಸ್‌ಮಸ್ ಹಿಂದಿನ ದಿನ ಒಮ್ಮೆ, ಬಾಯ್ಲರ್ ಒಡೆದ ದಿನ ಒಮ್ಮೆ. ಬಾಯ್ಲರಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಿದ್ದಳು. ಹಾರ್ಮನ್ ಚೇತರಿಸಿಕೊಳ್ಳುತ್ತಿದ್ದಾನೆ ಅಂತ ಡಾಕ್ಟರು ಬರೆಯುತ್ತಿದ್ದರು. ಆದರೆ ಅವನ ಕಾಗದಗಳಲ್ಲಿ ‘ಯಾವಾಗ ಬರ್ತೀಯ’ ಅನ್ನುವ ಮಾತು ಫೆಬ್ರವರಿಯಿಂದ ನಿಂತೇಹೋಗಿತ್ತು. ಕೇಳುವುದನ್ನೇ ಬಿಟ್ಟನಲ್ಲ ಅನ್ನುವುದೇ ಅವಳ ಕೊರಗು.

ಹೆಚ್ಚು ದುಡಿಸುವುದು ನಿಂತರೆ ಶನಿವಾರ ಬಿಡುವು ಸಿಕ್ಕೀತೆಂದು ಕೊನೆಗೆ ಅವಳು ಧೈರ್ಯ ಮಾಡಿ ಕೂಲಿ ಮತ್ತು ಗಂಟೆಗಳ ಇಲಾಖೆಗೆ ಒಂದು ಕಾಗದ ಹಾಕಿದಳು. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಗ್ರೀರ್ ಬಂದಿಳಿದ. ಕನ್ನಡಕದ ಎಳೆಯ ವಕೀಲ, ತೊಟ್ಟ ಕೋಟು ಅವನಿಗಿಂತ ಒಂದು ಅಳತೆ ದೊಡ್ಡದು.

“ಇವನಾ ವಾಷಿಂಗ್ಟನ್ನು?” ಅಂದಳು ಕ್ಲೆಮಿಯ ಪಕ್ಕದ ಡೋವಿ. ಹೊಲಿಗೆ ಸಾಲಿನಲ್ಲೇ ಹಿರಿಯಳು, ಎಲ್ಲರಿಗೂ ಡೋವಿ ಅತ್ತೆ. “ನಮ್ಮ ಪೊರಕೆ ಬೀಸಿದ್ರೆ ಗಾಳಿಗೇ ಹಾರ್ಹೋಗ್ತಾನಲ್ಲೇ!”

“ಸುಮ್ನಿರಿ ಅತ್ತೆ, ಕೇಳಿಸ್ಕೋತಾನೆ,” ಅಂದಳು ಕ್ಲೆಮಿ.

ಗ್ರೀರ್ ಯಜಮಾನರನ್ನು ಒಂದೊಂದೇ ಕೇಳುತ್ತ ಬಂದ. ಪೊರಕೆಯ ಹುಲ್ಲು ಎಲ್ಲಿಂದ? ಒಕ್ಲಹೋಮ ರಾಜ್ಯದಿಂದ. “ಸಿಕ್ಕಿಬಿದ್ದ!” ಅಂತ ಡೋವಿ ಅತ್ತೆ ಕ್ಲೆಮಿಯ ಪಕ್ಕೆಗೆ ತಿವಿದಳು.

“ಎಲ್ಲಿಂದ ಬಂತು ಅನ್ನೋದು ನನಗೆ ಬೇಡ,” ಅಂದ ಗ್ರೀರ್. “ಎಲ್ಲಿಗೆ ಹೋಗುತ್ತೆ, ಅದು ಹೇಳಿ.”

ಟಿಪ್ಟನ್ ಸಾಹೇಬರು ಅಂಗಡಿಗಳ ಪಟ್ಟಿಯನ್ನೇ ಮುಂದಿಟ್ಟರು. ಎಲ್ಲವೂ ಟೆನೆಸ್ಸಿ. ಗ್ರೀರ್ ಎರಡು ಸಲ ಓದಿ, ತಿರುಗಿಸಿ ನೋಡಿ, ಚೀಲ ಮುಚ್ಚಿದ. “ನೀವು ಹೇಳೋದು ಸರಿ ಸಾರ್. ಈ ಕಾನೂನು ನಿಮಗೆ ತಾಗಲ್ಲ,” ಅಂದ, ತುಸು ನಾಚಿಕೊಂಡೇ.

“ನಿಮ್ಮ ಮೇಲೆ ನನಗೇನೂ ಕೋಪವಿಲ್ಲಪ್ಪ. ಬನ್ನಿ, ಕಾಫಿ ಕುಡ್ಕೊಂಡು ಹೋಗಿ,” ಅಂದರು ಸಾಹೇಬರು. ಗೆದ್ದವರಿಗೆ ಔದಾರ್ಯ ಎಲ್ಲಿಂದ ಬರುತ್ತದೋ!

ಕ್ಲೆಮಿ ಅಳು ಕಾಣದಿರಲೆಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಗ ಹೊರಗೆ ಡ್ರೈವರ್ ಎಲ್‌ಬರ್ಟನ ಲಾರಿ ಪೊರಕೆ ತುಂಬಿಕೊಂಡು ಗೇಟಿನಿಂದ ಹೊರಟಿತ್ತು. ಬೀದಿ ಇಕ್ಕಟ್ಟು, ಲಾರಿ ಉದ್ದ. ಎಲ್‌ಬರ್ಟ್ ದಿನಾ ಮಾಡುವಂತೆ ಎದುರು ಬದಿಯ ಕ್ಷೌರದಂಗಡಿಯ ಕಂಬದವರೆಗೂ ಲಾರಿಯ ಮೂತಿ ಚಾಚಿ, ಅಲ್ಲಿಂದ ಹೊರಳಿಸಿ ಈಚೆಗೆ ಬಂದ. ನಾಲ್ಕು ವರ್ಷದಿಂದ ಇದನ್ನು ನೋಡುತ್ತಲೇ ಇದ್ದ ಕ್ಲೆಮಿಗೆ ಅದು ಕಂಡದ್ದು ಈಗ.

“ದಾಟ್ತು!” ಅಂತ ಕಿರುಚಿಬಿಟ್ಟಳು. “ದಾಟ್ತು ಸಾರ್, ದಾಟ್ತು!”

ಗ್ರೀರ್ ಓಡಿ ಬಂದ. “ಏನಮ್ಮಾ ದಾಟಿದ್ದು?”

“ಪೊರಕೆ! ಲಾರಿ ತುಂಬ ಪೊರಕೆ ವರ್ಜೀನಿಯಕ್ಕೆ ಹೋಗಿಬಂತು! ಅಲ್ನೋಡಿ, ಗುಬಟಿನಾಚೆ ಚಕ್ರದ ಗುರುತು!”

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. “ತಿರುಗಿಸ್ಕೊಳ್ಳೋಕೆ ಹೋಗಿದ್ದು ಕಣಮ್ಮ, ಮಾರೋಕಲ್ಲ!”

ಗ್ರೀರ್ ನಗಲಿಲ್ಲ. ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದ. “ಸಾರ್, ಓದೋವಾಗ ನಮ್ಮ ಮೇಷ್ಟ್ರು ಒಂದು ರೈಲಿನ ಮೊಕದ್ದಮೆ ಹೇಳಿಕೊಟ್ಟಿದ್ರು. ಒಂದೇ ರಾಜ್ಯದ ಒಂದೂರಿಂದ ಇನ್ನೊಂದೂರಿಗೆ ಸರಕು ಹೋಗ್ತಿತ್ತು. ಆದ್ರೆ ಹಳಿ ಮಧ್ಯೆ ಪಕ್ಕದ ರಾಜ್ಯ ಹೊಕ್ಕು ಬರ್ತಿತ್ತು. ಅದೂ ರಾಜ್ಯ ರಾಜ್ಯಗಳ ನಡುವಿನ ವ್ಯವಹಾರವೇ ಅಂತ ದೊಡ್ಡ ಕೋರ್ಟು ಹೇಳ್ತು.”

“ಅದು ಮೈಲಿಗಟ್ಟಲೆ ಹಳಿ! ಇದು ಹದಿನೈದು ಅಡಿ ಕಣಯ್ಯಾ!”

“ಸಂವಿಧಾನದಲ್ಲಿ ಅಡಿ ಅಳೆದಿಲ್ಲ ಸಾರ್.”

“ಗೆರೆ ಅಂದ್ರೆ ಗೆರೆ ಅಂತ ಯಜಮಾನರೇ ಹೇಳಿದಾರಲ್ಲ,” ಅಂತ ಡೋವಿ ಅತ್ತೆ ನೂಲು ಕಚ್ಚುತ್ತ ಯಾರಿಗೋ ಹೇಳಿದಂತೆ ಹೇಳಿದಳು.

ಸಾಹೇಬರ ಮುಖ ಕೆಂಪೇರಿತು. “ಆಯ್ತು! ದಾಟದೇ ತಿರುಗಿಸಿದ್ರೆ ಆಯ್ತಲ್ಲ? ಎಲ್‌ಬರ್ಟ್! ಲಾರಿ ಒಳಗೆ ತಗೋ!”

ಆಮೇಲೆ ನಡೆದದ್ದನ್ನು ನೋಡಲು ಎರಡು ರಾಜ್ಯದ ಜನವೂ ನೆರೆಯಿತು. ಎಲ್‌ಬರ್ಟ್ ಮೊದಲು ಎಡಕ್ಕೆ ತಿರುಗಿಸಿದ, ಗೇಟಿನ ಕಂಬ ವಾಲಿತು. ಹಿಮ್ಮುಖವಾಗಿ ಬಂದ, ಕುದುರೆಗಳ ನೀರಿನ ತೊಟ್ಟಿ ಸೀಳಿತು. ಮೂರನೆಯ ಸಲ ಇನ್ನೇನು ಗೆದ್ದ ಅನ್ನುವಾಗ ಹಿಂದಿನ ಗಾಲಿ ಗುಬಟನ್ನು ಸವರಿಕೊಂಡು ಆಚೆ ಉರುಳಿತು. ಗ್ರೀರ್ ಬೀದಿಯಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಆಚೆ ಬದಿಯ ಕ್ಷೌರಿಕ ಅರ್ಧ ಗಡ್ಡ ಹೆರೆದ ಗಿರಾಕಿಯನ್ನೂ ಕರೆದುಕೊಂಡು ಬಂದು ನಿಂತಿದ್ದ. ಗಾಲಿ ದಾಟಿದಾಗಲೆಲ್ಲ, “ವರ್ಜೀನಿಯಕ್ಕೆ ಸ್ವಾಗತ, ಬನ್ನಿ ಬನ್ನಿ!” ಅಂತ ಟವೆಲು ಬೀಸುತ್ತಿದ್ದ.

ಕಾರ್ಖಾನೆಯ ಹಿಂದೆ ಹೊಳೆ, ಪಕ್ಕದಲ್ಲಿ ಚರ್ಚಿನ ಗೋಡೆ. ಬೇರೆ ಗೇಟು ಇಡಲು ಜಾಗವೂ ಇರಲಿಲ್ಲ.

“ತಲೆ ಮೇಲೆ ಹೊತ್ಕೊಂಡು ಹೋಗಿ ಮಾರ್ಬಹುದು ಯಜಮಾನ್ರೇ, ನೀವು ಮುಂದೆ, ನಾವು ಹಿಂದೆ!” ಅಂದಳು ಡೋವಿ ಅತ್ತೆ.

“ಬಾಯ್ಮುಚ್ಚೇ ಡೋವಿ! ಇಳಿಯೋ ಎಲ್‌ಬರ್ಟ್, ನಿನಗೆ ಓಡಿಸೋಕೆ ಬರಲ್ಲ!” ಸಾಹೇಬರು ತಾವೇ ಹತ್ತಿ ಕೂತರು. ಉಸಿರು ಬಿಗಿಹಿಡಿದು, ಸ್ಟೇರಿಂಗ್ ಚಕ್ರ ಮುರಿದುಹೋಗುವಂತೆ ತಿರುಗಿಸಿದರು. ಲಾರಿ ಬೀದಿಯ ನಡುವೆ ಬಂದು, ಎರಡು ಸಲ ಕೆಮ್ಮಿ, ನಿಂತೇಬಿಟ್ಟಿತು. ಮೂತಿ ವರ್ಜೀನಿಯದಲ್ಲಿ, ಬಾಲ ಟೆನೆಸ್ಸಿಯಲ್ಲಿ. ಸಾಹೇಬರು ಕೂತ ಜಾಗದ ಕೆಳಗೇ ಗುಬಟು.

ಜನ ಬಿದ್ದು ಬಿದ್ದು ನಕ್ಕರು. ಕ್ಲೆಮಿ ಮಾತ್ರ ನಗಲಿಲ್ಲ. ಹೊಲಿಗೆಯ ಸೂಜಿಯನ್ನು ಮುಷ್ಟಿಯಲ್ಲಿ ಹಿಡಿದು ಗೇಟಿನ ಬಳಿ ನಿಂತಿದ್ದಳು. ಕಾಗದ ಹಾಕಿದ್ದು ಯಾರು ಅಂತ ಇಷ್ಟು ಹೊತ್ತಿಗೆ ಸಾಹೇಬರಿಗೆ ಗೊತ್ತಾಗಿರುತ್ತದೆ. ಈಗ ಅವರು ಒಪ್ಪಲ್ಲ ಅಂದರೆ ಶನಿವಾರವೂ ಇಲ್ಲ, ಕೆಲಸವೂ ಇಲ್ಲ.

ಸಾಹೇಬರು ಬಾಗಿಲು ತೆರೆದು ಕೆಳಗೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಇಳಿದು ಬಂದು ಟೊಪ್ಪಿಗೆ ತೆಗೆದರು.

“ದಾಟಿದ್ದು ದಾಟಿದ್ದೇ,” ಅಂದರು. “ನನಗೆ ಅನುಕೂಲ ಆದಾಗ ಗೆರೆ, ಅನಾನುಕೂಲ ಆದಾಗ ಬರೀ ಬೀದಿ ಅಂತ ಅನ್ನೋ ಜಾತಿ ಅಲ್ಲ ನಾನು. ಬರ್ಕೋ ಇನ್‌ಸ್ಪೆಕ್ಟರೇ.” ಅನಂತರ ಕೆಲಸದವರ ಕಡೆ ತಿರುಗಿ ಗುಡುಗಿದರು. “ಆದ್ರೆ ಒಂದೂವರೆ ಪಟ್ಟು ಕೊಡೋ ಮಗ ನಾನಲ್ಲ! ನಲವತ್ತನಾಲ್ಕು ಗಂಟೆ ಅಂದ್ರೆ ನಲವತ್ತನಾಲ್ಕೇ. ಶನಿವಾರ ಹನ್ನೊಂದಕ್ಕೆ ಸೀಟಿ ಹೊಡೆಸಿ ಬೀಗ ಜಡಿಸ್ತೀನಿ. ಮನೇಲಿ ಕೂತು ನೊಣ ಹೊಡೀರಿ! ಏನು ಕ್ಲೆಮಿ, ತೃಪ್ತಿ ಆಯ್ತಾ?”

“ಆಯ್ತು ಯಜಮಾನ್ರೇ,” ಅಂದಳು ಕ್ಲೆಮಿ. ಇಷ್ಟು ಅಂದು ಗಳಗಳ ಅತ್ತುಬಿಟ್ಟಳು. ಶಿಕ್ಷೆ ಕೊಟ್ಟೆ ಅಂದುಕೊಂಡಿದ್ದ ಸಾಹೇಬರು ಏನೂ ತಿಳಿಯದೆ ಕಕ್ಕಾಬಿಕ್ಕಿಯಾಗಿ ಟೊಪ್ಪಿಗೆ ತಿರುಗಿಸುತ್ತ ನಿಂತರು.

ಆ ಶನಿವಾರ ಎರಡು ಗಂಟೆಗೆ ಕ್ಲೆಮಿ ಆರೋಗ್ಯಧಾಮದ ಉದ್ದನೆ ಜಗಲಿಯಲ್ಲಿದ್ದಳು. ಕೂದಲಲ್ಲಿ ಇನ್ನೂ ಹುಲ್ಲಿನ ಎಸಳು. ಹಾರ್ಮನ್ ಹೊದಿಕೆ ಹೊದ್ದು ಒರಗಿದ್ದ, ಕೆನ್ನೆ ತುಂಬಿಕೊಂಡಿತ್ತು. ಅವಳನ್ನು ಕಂಡು ಗಡಬಡಿಸಿ ಎದ್ದು ಕೂತ.

“ಇದೇನೇ, ಮತ್ತೆ ಬಾಯ್ಲರ್ ಒಡೀತಾ?”

“ಬಾಯ್ಲರ್ ಅಲ್ವೋ, ಗೆರೆ! ಕೇಳಿಲ್ಲಿ.” ಬೆತ್ತದ ಕುರ್ಚಿ ಎಳೆದುಕೊಂಡು ಹೇಳತೊಡಗಿದಳು. ಗೇಟಿನ ಕಂಬ ವಾಲಿದ್ದು ಹೇಳಿದಳು, ತೊಟ್ಟಿ ಸೀಳಿದ್ದು ಹೇಳಿದಳು. ಹಾರ್ಮನ್ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ. ಬಿಸಿಲು ಹಿತವಾಗಿ ಕಾಲಮೇಲೆ ಬಿದ್ದಿತ್ತು. ಸಾಹೇಬರು ಲಾರಿ ಹತ್ತುವ ಹೊತ್ತಿಗೆ ಅವಳ ಮಾತು ನಿಧಾನವಾಯಿತು, ತಲೆ ವಾಲಿತು, ಕೂತಲ್ಲೇ ಗಾಢ ನಿದ್ದೆ. ಎಚ್ಚರಿಸಲು ಬಂದ ನರ್ಸಿಗೆ ಹಾರ್ಮನ್ ಬಾಯಿಮೇಲೆ ಬೆರಳಿಟ್ಟು ಬೇಡ ಅಂದ.

ನಾಲ್ಕರ ಗಂಟೆ ಬಾರಿಸಿದಾಗ ಅವಳು ದಿಗ್ಗನೆ ಎದ್ದಳು. “ಅಯ್ಯೋ ನನ್ನ ಕರ್ಮವೇ! ಎಬ್ಬಿಸೋಕೆ ಏನಾಗಿತ್ತೋ ನಿನಗೆ? ಎರಡು ಗಂಟೆ ಪೂರ್ತಿ ದಂಡವಾಯ್ತಲ್ಲ!”

“ಅದಿರ್ಲಿ, ಅವರು ಲಾರಿ ಹತ್ತಿದ್ಮೇಲೆ ಏನಾಯ್ತು, ಅದು ಹೇಳು.”

ನರ್ಸು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡಳು. ಕ್ಲೆಮಿ ಎದ್ದು ಅವನ ಹೊದಿಕೆ ಸರಿಪಡಿಸಿದಳು.

“ಮುಂದಿನ ಶನಿವಾರ ಹೇಳ್ತೀನಿ,” ಅಂದಳು. ಏಳು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.