ನಾಲ್ಕು ಗೋಡೆ, ಐದು ತರಗತಿ

"ಲೇ, ಅಲ್ಲೇ ನಿಂತ್ಕ. ಸಿಮೆಂಟ್ ಕಾಲ್ನಾಗೆ ಒಳಿಕ್ ಬರ್ಬ್ಯಾಡ. ಸಾಹೇಬ್ರು ಬಂದವ್ರೆ, ಕಾಣಾಕಿಲ್ವಾ?"

ಅಬ್ಬಿಗೆರೆಯಾಚೆಯ ಸರ್ಕಾರಿ ಶಾಲೆಯ ಬಾಗಿಲಿಗೆ ಮುನಿನಾರಾಯಣಪ್ಪ ಅಡ್ಡ ನಿಂತಿದ್ದ. ಶಾಲೆಗೆ ಜಾಗ ಕೊಟ್ಟವರು ಅವನ ಅಪ್ಪ. ಉಳಿದ ಜಮೀನನ್ನೆಲ್ಲ ಸೈಟು ಮಾಡಿ ಮಾರಿದವನು ಇವನು. ಇವನ ಮೊಮ್ಮಗ ದಿನಾ ಬೆಳಿಗ್ಗೆ ಇದೇ ಗೇಟಿನ ಮುಂದೆ ನಿಂತು ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಹತ್ತುತ್ತಾನೆ.

ಪಕ್ಕದ ಅಪಾರ್ಟ್‌ಮೆಂಟಿನ ಗಾರೆ ಕೆಲಸದ ನಡುವೆ ಓಡಿಬಂದಿದ್ದ ರತ್ನವ್ವ ತಲೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದಳು. "ಸಾಹೇಬ್ರಿಗಿ ಒಂದ್ ಮಾತ್ ಕೇಳಾಕ ಬಂದೀನ್ರಿ."

"ಕೇಳಾಕೆ ಬಂದವ್ಳೆ, ಮುಂಡೇದು. ಊಟ ಆಕಿಲ್ವಾ? ಮೊಟ್ಟೆ ಕೊಟ್ಟಿಲ್ವಾ? ನಿಮ್ಮೂರ್ನಾಗೆ ಕಂಡಿದ್ರೇನ್ರೇ ಮೊಟ್ಟೆನಾ?"

ರತ್ನವ್ವ ಕದಲಲಿಲ್ಲ. ಅವನ ಕಂಕುಳ ಸಂದಿಯಿಂದ ಒಳಗೆ ನೋಡಿದಳು. ಇದ್ದದ್ದು ಒಂದೇ ಕೋಣೆ, ಒಬ್ಬರೇ ಶಿಲ್ಪ ಮಿಸ್ಸು. ಒಂದರಿಂದ ನಾಲ್ಕನೇ ತರಗತಿಯವರು ಒಂದೊಂದು ಗೋಡೆಗೆ ಮುಖ ಮಾಡಿ ಕೂತಿದ್ದರು. ಐದನೆಯವರಿಗೆ ಗೋಡೆ ಉಳಿದಿರಲಿಲ್ಲ. ಆ ತರಗತಿಯಲ್ಲಿ ಇರುವವರೇ ಇಬ್ಬರು. ಗೋಕುಲ್ ಮೂಲೆಯಲ್ಲಿ ಕೂತು ಮಿಸ್ಸಿನ ಫೋನಿನಿಂದ ಅಂದು ಹಂಚಿದ ಮೊಟ್ಟೆಯ ಫೋಟೋ ಸರ್ಕಾರಕ್ಕೆ ಕಳಿಸುತ್ತಿದ್ದ. ರತ್ನವ್ವನ ಮಗಳು ರಕ್ಷಾ ಕೋಲು ಹಿಡಿದು ಒಂದನೆಯವರ ಮುಂದೆ ನಿಂತಿದ್ದಳು.

"ಅ... ಅರಸ."

"ಅರಸ," ಎಂದು ಚಿಳ್ಳೆಪಿಳ್ಳೆಗಳು ಕೂಗಿದವು.

ಇದ್ದುದರಲ್ಲಿ ಗಂಟಲು ದೊಡ್ಡದೆಂದು ಎರಡನೇ ತರಗತಿಯಲ್ಲೇ ಅವಳ ಕೈಗೆ ಕೋಲು ಬಂದಿತ್ತು. ಮಗಳು ಟೀಚರಮ್ಮ ಆಗಿದ್ದಾಳೆಂದು ರತ್ನವ್ವ ತಾವಿದ್ದ ಕೂಲಿಯವರ ಶೆಡ್ಡಿನ ಸಾಲಿಗೆಲ್ಲ ಸಕ್ಕರೆ ಹಂಚಿದ್ದಳು. ಮೊನ್ನೆ ಭಾನುವಾರ ಮಗಳನ್ನೇ ನಂಬಿ ಯಲಹಂಕದ ಬಸ್ಸು ಹತ್ತಿದರೆ ಇಬ್ಬರೂ ಯಶವಂತಪುರದಲ್ಲಿ ಇಳಿದರು. ಹುಡುಗಿ ಬೋರ್ಡಿನ ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸಿದ್ದಳು. ಬರುವ ಜೂನಿಗೆ ಅವಳು ವಿದ್ಯಾರಣ್ಯಪುರದ ದೊಡ್ಡ ಶಾಲೆಯಲ್ಲಿ ಆರನೇ ತರಗತಿಗೆ ಕೂರಬೇಕು.

ಶಾಲೆಯ ತಪಾಸಣೆಗೆ ಬಂದಿದ್ದ ಸಾಹೇಬರು ವಿಜಯ್ ಕುಮಾರ್ ಕುರ್ಚಿಯಿಂದೆದ್ದು ರಕ್ಷಾಳ ಬೆನ್ನು ತಟ್ಟಿದರು. "ಲಿಟಲ್ ಟೀಚರ್! ನೋಡಿ ಮೇಡಂ, ಮಕ್ಕಳೇ ಮಕ್ಕಳಿಗೆ ಕಲಿಸೋದು ಅಂದ್ರೆ ಇದು. ನಿಮ್ಮದನ್ನ ಮಾದರಿ ಶಾಲೆ ಅಂತ ಬರೀತೀನಿ."

ಶಿಲ್ಪ ಮಿಸ್ಸು ನೆಲ ನೋಡಿದರು.

ರತ್ನವ್ವ ಹೊಸ್ತಿಲಾಚೆಯಿಂದಲೇ ಕೂಗಿದಳು. "ಸಾಹೇಬ್ರ, ಆಕಿ ಸಣ್ಣವ್ರಿಗಿ ಕಲಸ್ತಾಳ, ಖರೆ. ಆಕಿಗಿ ಯಾರ್ ಕಲಸ್ತಾರ್ರಿ?"

"ಬೇರೆಯವರಿಗೆ ಹೇಳ್ಕೊಡ್ತಾ ತಾನೂ ಕಲೀತಾಳಮ್ಮ. ಇದಕ್ಕೇ ಅಂತ ನಮಗೆ ಟ್ರೈನಿಂಗ್ ಕೊಟ್ಟಿದ್ದಾರೆ."

"ನಿಮ್ಗ ಕೊಟ್ಟಾರಲ್ರಿ, ನೀವೇ ಕಲಸ್ರಿ ಮತ್ತ. ಆಕಿ ಮೂರ್ ವರ್ಷದಿಂದ ಅರಸನ್ನ ದಾಟಿಲ್ಲ."

"ನಿನ್ ಮಗ್ಳು ಡೀಸಿ ಆಗ್ಬೇಕೇನೇ?" ಮುನಿನಾರಾಯಣಪ್ಪ ನಕ್ಕ. "ಇಟ್ಗೆ ಎಣ್ಸಾಕೆ ಬಂದ್ರೆ ಸಾಲ್ದಾ?"

"ಇಷ್ಟ್ ಚಲೋ ಸಾಲಿ ಐತಂದ್ರ ನಿಮ್ ಮೊಮ್ಮಗನ್ನೂ ಕಳಸ್ರಲ್ಲ ಗೌಡ್ರ. ನನ್ ಮಗಳೇ ತಿದ್ದಸ್ತಾಳ."

"ನಾಲ್ಗೆ ಬಿಗಿ ಇಡ್ಕ, ಬೋಸುಡಿ. ಸೆಡ್ಡು ಯಾರ ಜಾಗ್ದಾಗೈತೆ ಅಂತ ಗೊತ್ತಲ್ಲ?"

ಸಾಹೇಬರಿಗೆ ಮುಂದಿನ ಶಾಲೆಗೆ ಹೊತ್ತಾಗಿತ್ತು. ಐದನೇ ತರಗತಿಯ ಪುಸ್ತಕ ತರಿಸಿ ರಕ್ಷಾಳ ಕೈಗಿಟ್ಟರು. ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. "ಓದು ಪುಟ್ಟಿ. ಗೌಡ್ರೇ, ನೀವೂ ಬನ್ನಿ, ಒಂದು ಫೋಟೋ."

ಮುನಿನಾರಾಯಣಪ್ಪ ಶರಟು ಸರಿಮಾಡಿಕೊಳ್ಳುತ್ತಾ ಒಳಗೆ ಹೋದ.

ರಕ್ಷಾ ಹಾಳೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕಣ್ಣು ಮುಚ್ಚಿದಳು. "ಕಮಲ ಬಂದಳು. ಕಮಲ ಹೂವು ತಂದಳು. ಹೂವು ನೋಡು..." ನಿಲ್ಲದೆ ಒದರಿದಳು. ಸಾಹೇಬರು ಗೋಕುಲ್ ಎತ್ತಿ ಹಿಡಿದ ಫೋನಿನ ಕ್ಯಾಮೆರಾ ನೋಡುತ್ತಾ "ಗುಡ್, ಗುಡ್" ಎಂದರು.

ಅದು ಒಂದನೇ ತರಗತಿಯ ಪಾಠ. ಅಕ್ಷರ ಅರಿಯದ ರತ್ನವ್ವನಿಗೂ ಅದು ಬಾಯಿಪಾಠ. ಮೂರು ವರ್ಷದಿಂದ ದಿನಾ ಸಂಜೆ ಶೆಡ್ಡಿನಲ್ಲಿ ಕಮಲ ಬರುತ್ತಲೇ ಇದ್ದಳು, ಹೂವು ತರುತ್ತಲೇ ಇದ್ದಳು.

ರತ್ನವ್ವ ಬಾಗಿಲನ್ನು ಎಳೆದು ಹೊರಗಿನಿಂದ ಚಿಲಕ ಹಾಕಿದಳು.

"ಏಯ್! ಏನಮ್ಮಾ ಇದು?"

"ಬೆಲ್ ಆಗಾತನಕ ಐದೂ ಕ್ಲಾಸಿಗಿ ಕಲಸ್ರಿ ಸಾಹೇಬ್ರ. ಟ್ರೈನಿಂಗ್ ಆಗೇತಲ್ಲ." ಕಿಟಕಿಗೆ ಹೋಗಿ ಮಗಳನ್ನು ಕರೆದಳು. "ರಕ್ಷಾ, ಕೋಲು ಅವ್ರ ಕೈಯಾಗ ಕೊಡು. ನೀ ಕುಂದರ್."

ಹುಡುಗಿ ಕೋಲು ಕೊಟ್ಟು ಕೋಣೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಗೋಕುಲ್ ಫೋನು ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದ. ಕಾಯುವವರಿಲ್ಲದ ಒಂದನೆಯವರು ಎದ್ದು ಸಾಹೇಬರ ಪ್ಯಾಂಟು ಹಿಡಿದುಕೊಂಡರು. ಒಬ್ಬ ಒಂದಕ್ಕೆ ಹೋಗಬೇಕು ಎಂದ, ಒಬ್ಬಳು ಅಳತೊಡಗಿದಳು, ಎರಡನೇ ತರಗತಿಯವನೊಬ್ಬ ನಾಲ್ಕನೆಯವನನ್ನು ಕಚ್ಚಿದ. ಶಿಲ್ಪ ಮಿಸ್ಸು ಮಾತ್ರ ಸಾಹೇಬರ ಖಾಲಿ ಕುರ್ಚಿಯಲ್ಲಿ ಕೂತು, ಬಹಳ ದಿನದ ಮೇಲೆ ಬಿಡುವು ಸಿಕ್ಕಿತೆಂಬಂತೆ ಕಾಲು ಚಾಚಿದರು.

"ತೆಗಿಯೇ ಮುಂಡೆ, ಪೋಲೀಸ್ನೋರ್ನ ಕರೆಸ್ತೀನಿ," ಎಂದು ಮುನಿನಾರಾಯಣಪ್ಪ ಬಾಗಿಲು ಒದೆಯತೊಡಗಿದ.

"ಕರಸ್ರಿ." ರತ್ನವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಶೆಡ್ಡು ಹೋಗುವುದಂತೂ ಖಾತ್ರಿಯಾಗಿತ್ತು.

ಒಳಗೆ ಸಾಹೇಬರು ಮೆತ್ತಗೆ ಶುರು ಮಾಡಿದ್ದು ಕೇಳಿಸಿತು. "ಅಳಬೇಡ ಕಂದ, ಹೇಳು... ಅ... ಅರಸ..."

ಆ ಗದ್ದಲವನ್ನೆಲ್ಲ ಸೀಳಿಕೊಂಡು ರಕ್ಷಾಳ ದೊಡ್ಡ ಗಂಟಲು ಎದ್ದಿತು.

"ಸರ್, ನೀವು ಅವ್ರಿಗೆ ಹೇಳ್ಕೊಟ್ಟು ಮುಗ್ಸೋವರ್ಗೂ ಐದನೆಯವ್ರು ನಾವೇನ್ ಮಾಡ್ಬೇಕು ಸರ್?"

ಒದೆಯುತ್ತಿದ್ದ ಕಾಲೂ ನಿಂತಿತು. ರತ್ನವ್ವ ಉತ್ತರಕ್ಕಾಗಿ ಬಾಗಿಲಿಗೆ ಕಿವಿಯಿಟ್ಟಳು.